ಎಕ್ಸೆಲ್ ಹಾಕಿ ಲವ್ ಸ್ಟೋರಿ ಹಿಡಿದಿದ್ದು

ಇದೊಂದು ಫ್ಯಾಂಟಸಿ ಲವ್ ಸ್ಟೋರಿ ಸೀರೀಸ್, ಹೆಸರು ಹೇಳಲ್ಲ, ಮೊದ್ಲೇ ಹೇಳ್ಬಿಟ್ಟಿದೀನಿ. ಇನ್ನೂ ಮೂರನೇ ಪುಸ್ತಕದಲ್ಲೇ ಇರೋರು ಬೇಕಾದಷ್ಟು ಜನ ಇದಾರೆ, ಅವರ ಶಾಪ ನಂಗೆ ಬೇಡ. ಓದಿ ಮುಗಿಸಿರೋರಿಗೆ ನಾಲ್ಕು ಸಾಲಲ್ಲೇ ಗೊತ್ತಾಗತ್ತೆ, ಗೊತ್ತಾದ್ರೆ ಬಾಯಿ ಮುಚ್ಕೊಂಡು ಓದಿ.

ಹೀರೋಯಿನ್‌ದು ವಾಸಿ ಮಾಡೋ ಶಕ್ತಿ ಅಂತ ನಮ್ಮ ಓದೋ ಗ್ಯಾಂಗ್ ಪೂರ್ತಿ ನಂಬಿತ್ತು. ನಾನು ಹೇಳಿದ್ದೇನಂದ್ರೆ ಅವಳು ಏನನ್ನೂ ವಾಸಿ ಮಾಡ್ತಿಲ್ಲ, ಒಂದು ಕಡೆ ಮುರಿದಿದ್ದನ್ನ ಎತ್ಕೊಂಡು ಹೋಗಿ ಇನ್ನೊಂದು ಕಡೆ ಹಾಕ್ತಿದಾಳೆ ಅಷ್ಟೇ ಅಂತ. ಇನ್ನೊಂದು ಹೇಳಿದ್ದು, ಅವಳು ಕೊನೆಗೆ ಸೇರೋದು ರಾಜಕುಮಾರನ್ನಲ್ಲ, ಆ ಸಿಡುಕುಮೂತಿ ನಕ್ಷೆ ಬರೆಯೋನನ್ನ. ಎರಡಕ್ಕೂ ಬಿದ್ದುಬಿದ್ದು ನಕ್ಕಿದ್ರು, ನಾಲ್ಕು ಜನ ಬೆಟ್ಟೂ ಕಟ್ಟಿದ್ರು. "ಲವ್ವಿಗೂ ಎಕ್ಸೆಲ್ ಹಾಕ್ತೀಯಲ್ಲೋ, ನಿಂಗೆ ಯಾವ ಜನ್ಮದಲ್ಲೂ ಗರ್ಲ್‌ಫ್ರೆಂಡ್ ಸಿಗಲ್ಲ" ಅಂತ ಒಬ್ಳು. ಐದನೇ ಪುಸ್ತಕ ಬಂತು, ಎರಡೂ ಅಕ್ಷರಶಃ ಹಾಗೇ ಆಯ್ತು, ಈಗ ಅವಳೇ ಶೀಟ್ ಲಿಂಕ್ ಕಳ್ಸು ಅಂತಿದಾಳೆ. ಕಳ್ಸಲ್ಲ. ಆದ್ರೆ ಹೇಗೆ ಮಾಡ್ದೆ ಅಂತ ಬರೀತೀನಿ, ಮುಕ್ಕಾಲು ಭಾಗ.

ಮುಂಚೆ ನಾನೂ ಎಲ್ರ ಥರಾನೇ ಥಿಯರಿ, ಅಂದ್ರೆ ಕಥೇಲಿ ಮುಂದೇನಾಗತ್ತೆ ಅನ್ನೋ ಊಹೆ, ಕಟ್ತಿದ್ದೆ. ಯಾರ್ಯಾರು ಜೋಡಿ ಆಗ್ಬೇಕು ಅಂತ ಮನಸ್ಸಲ್ಲಿ ಫಿಕ್ಸ್ ಮಾಡ್ಕೊಳೋದು, ಆಮೇಲೆ ಪುಸ್ತಕ ತಿರುವಿಹಾಕಿ ಸಾಕ್ಷಿ ಹೆಕ್ಕೋದು. ಹೀಗೆ ಹೋದ್ರೆ ಏನು ಬೇಕಾದ್ರೂ ಸಿಗತ್ತೆ ಕಣ್ರೀ, ಎಂಟುನೂರು ಪುಟದ ಪುಸ್ತಕದಲ್ಲಿ ಯಾರಿಬ್ರನ್ನ ತಗೊಂಡ್ರೂ ಹತ್ತು ಸಲನಾದ್ರೂ ಒಬ್ರನ್ನೊಬ್ರು ನೋಡಿರ್ತಾರೆ, ಒಂದ್ಸಲ ಕೈ ತಾಗಿರತ್ತೆ, ಒಂದ್ಸಲ ಮಳೆ ಬಂದಿರತ್ತೆ. ಇದನ್ನ ಟೆಸ್ಟ್ ಮಾಡೋಣ ಅಂತ ಬೇಕಂತಲೇ ಹೀರೋಯಿನ್‌ಗೂ ಕುದುರೆ ಲಾಯದ ಮುದುಕನಿಗೂ ಎಂಡ್‌ಗೇಮ್, ಅಂದ್ರೆ ಕೊನೆಗೆ ಅವರೇ ಜೋಡಿ, ಅಂತ ಒಂದು ಥಿಯರಿ ಬರೆದು ಗ್ಯಾಂಗಿಗೆ ಹಾಕ್ದೆ, ಮೂರು ಪುಟ ಸಾಕ್ಷಿ ಸಮೇತ. ಇಬ್ರು ಒಪ್ಪೇ ಬಿಟ್ರು. ಅವತ್ತಿಂದ ಸಾಕ್ಷಿ ಹೆಕ್ಕೋ ಕೆಲಸಕ್ಕೆ ಕೈ ಮುಗಿದೆ.

ಆಮೇಲೆ ಲೆಕ್ಕದ ಹುಚ್ಚು ಹತ್ತಿತು. ಇ-ಬುಕ್ಕಲ್ಲಿ ಕಣ್ಣು, ನಗು, ಉಸಿರು ಅಂತೆಲ್ಲ ಸರ್ಚ್ ಹೊಡೆದು ಯಾರ ಹೆಸರಿನ ಹತ್ರ ಎಷ್ಟು ಬರತ್ತೆ ಅಂತ ಎಣಿಸಿದ್ದು. ರಾಜಕುಮಾರನ ಹಸಿರು ಕಣ್ಣು ನಾಲ್ಕು ಪುಸ್ತಕ ಸೇರಿ ಒಂದು 140 ಸಲ ಬಂದಿರಬೇಕು, ನಕ್ಷೆಯವನ ಕಣ್ಣಿನ ಬಣ್ಣ ಏನು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಹಾಗಾದ್ರೆ ರಾಜಕುಮಾರನೇ ಅಂತ ತೀರ್ಮಾನ ಮಾಡೋಷ್ಟರಲ್ಲಿ ಕಾವಲು ಪಡೆ ಕ್ಯಾಪ್ಟನ್ ಮೀಸೆ ಅದಕ್ಕಿಂತ ಜಾಸ್ತಿ ಸಲ ಬಂದಿರೋದು ಕಣ್ಣಿಗೆ ಬಿತ್ತು. ಲೇಖಕಿಗೆ ವರ್ಣನೆ ಮಾಡೋ ಚಟ, ಅಷ್ಟೇ. ಎಣಿಕೆಯಿಂದ ಬೇರೇನೂ ಹೊರಡಲಿಲ್ಲ.

ದುಡ್ಡಿನ ವಿಷಯ. ಹಾರ್ಡ್‌ಕವರ್ ಮೊದ್ಲೇ ಇತ್ತು. ಸರ್ಚ್ ಮಾಡಕ್ಕೆ ಅಂತ ಇ-ಬುಕ್ ತಗೊಂಡೆ, ಓದೋರ ದನಿಯಲ್ಲಿ ಏನಾದ್ರೂ ಸುಳಿವು ಸಿಗಬಹುದು ಅಂತ ಆಡಿಯೋಬುಕ್ ತಗೊಂಡೆ (ಸಿಗಲಿಲ್ಲ, ಆದ್ರೆ ನಕ್ಷೆಯವನಿಗೆ ಕೊಟ್ಟ ದನಿ ಚೆನ್ನಾಗಿದೆ), ಸ್ಪೆಷಲ್ ಎಡಿಷನ್ನಲ್ಲಿ ಒಂದು ಬೋನಸ್ ಚಾಪ್ಟರ್ ಇದೆ ಅಂತ ಅದನ್ನೂ ತರಿಸ್ದೆ. ಆ ಚಾಪ್ಟರ್ ಏನು ಗೊತ್ತಾ, ಅರಮನೆ ಅಡುಗೆಯವನು ಒಂದು ಔತಣಕ್ಕೆ ತಯಾರಿ ಮಾಡೋದು, ಹನ್ನೊಂದೋ ಹನ್ನೆರಡೋ ಪುಟ, ಶಕ್ತಿಯ ಮಾತೇ ಇಲ್ಲ. ಲೇಖಕಿ ಸಹಿ ಇರೋ ಪ್ರತಿ ಅಂತ ಒಬ್ಬ ಮಾರ್ತಿದ್ದ, ಮೊದಲ ಪುಟದಲ್ಲಿ ಅವರು ಕೈಯಾರೆ ಒಂದು ಸಾಲು ಬರೆದಿದಾರೆ ಅಂದ, ಬಂದು ನೋಡಿದ್ರೆ ಪ್ರಿಂಟ್ ಮಾಡಿದ ಸಹಿ, ಸಾಲೂ ಇಲ್ಲ ಗೀಲೂ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಒಟ್ಟು ಇಡೀ ಸೀರೀಸನ್ನ ನಾಲ್ಕು ಸಲ ಕೊಂಡಷ್ಟು ಖರ್ಚಾಗಿರಬಹುದು. ಅದರಲ್ಲಿ ಉಪಯೋಗಕ್ಕೆ ಬಂದಿದ್ದು ಇ-ಬುಕ್ ಒಂದೇ.

ಇಷ್ಟೆಲ್ಲ ಕಳ್ಕೊಂಡ ಮೇಲೆ, ಬೇರೆಯವರ ಥಿಯರಿ ನಿಜ ಆಗಿದ್ದು ಎಲ್ಲೆಲ್ಲಿ ಅಂತ ಕೂತು ನೋಡ್ದೆ. ಹ್ಯಾರಿ ಪಾಟರ್ ಲಾಕೆಟ್ ನಿಮಗೆಲ್ಲ ಗೊತ್ತು. 2003ರ ಐದನೇ ಪುಸ್ತಕದಲ್ಲಿ ಹಳೇ ಮನೆ ಕ್ಲೀನ್ ಮಾಡೋವಾಗ ಸಾಮಾನಿನ ರಾಶಿ ಮಧ್ಯ ಯಾರ ಕೈಲೂ ತೆಗಿಯಕ್ಕಾಗದ ಭಾರದ ಲಾಕೆಟ್ ಒಂದು ಬರತ್ತೆ, ಯಾರೂ ತಲೆ ಕೆಡಿಸ್ಕೊಳಲ್ಲ, ಮುಂದಿನ ಸಾಮಾನಿಗೆ ಹೋಗ್ತಾರೆ. 2005ರಲ್ಲಿ ಆರನೇದು ಬಂದ ಮೇಲೆ ಫ್ಯಾನ್ಸ್ ವಾಪಸ್ ಹೋಗಿ ಆ ಸಾಲು ಹಿಡಿದು, ವಿಲನ್ ತನ್ನ ಆತ್ಮದ ತುಂಡು ಬಚ್ಚಿಟ್ಟಿರೋದು ಇದರಲ್ಲೇ ಅಂದ್ರು, 2007ರಲ್ಲಿ ನಿಜ ಆಯ್ತು. ಗೇಮ್ ಆಫ್ ಥ್ರೋನ್ಸ್ ಕಥೆಯ ಜಾನ್ ಸ್ನೋ, ತನ್ನ ಮಗ ಅಂತ ಸಾಕಿದ ನೆಡ್ ಸ್ಟಾರ್ಕ್ ಮಗ ಅಲ್ಲ, ನೆಡ್ ತಂಗಿ ಮಗ ಅನ್ನೋ ಥಿಯರಿ ತಗೊಳ್ಳಿ, ಮೊದಲ ಪುಸ್ತಕ 1996ರದ್ದು, ಟಿವಿಲಿ ಖಾತ್ರಿ ಆಗಿದ್ದು 2016ರಲ್ಲಿ, ಪುಸ್ತಕದಲ್ಲಂತೂ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಅಲ್ಲಿ ಎಲ್ರೂ ಆ ತಂಗಿ ನೆನಪಿನ ಜೊತೆ ಬರೋ ನೀಲಿ ಗುಲಾಬಿ ಹಿಡ್ಕೊಂಡು ಕೂತಿರ್ತಾರೆ, ನಂಗೆ ತಲೆಗೆ ಹತ್ತಿದ್ದು ಬೇರೆ: ನೆಡ್ ಸ್ಟಾರ್ಕ್ ಸಾಯ್ತಿರೋ ತಂಗಿಗೆ ಕೊಟ್ಟ ಮಾತು ನೆನೆಸ್ಕೊಂಡಾಗ ಆ ಮಾತು ಉಳಿಸ್ಕೊಳಕ್ಕೆ ತಾನು ತೆತ್ತ ಬೆಲೇನೂ ನೆನೆಸ್ಕೊತಾನೆ. ಯಾವ ಬೆಲೆ? ಆ ಪ್ರಶ್ನೆ ಹಿಡಿದು ಹೋದ್ರೆ ಗುಲಾಬಿ ಇಲ್ಲದೆನೂ ಥಿಯರಿ ನಿಲ್ಲತ್ತೆ.

ಎಲ್ಲಾ ಕಡೆ ಇದು ನಡೆಯಲ್ಲ ಅನ್ನೋದೂ ಗೊತ್ತಿರಲಿ. ವೀಲ್ ಆಫ್ ಟೈಮ್ ಅನ್ನೋ ಫ್ಯಾಂಟಸಿ ಸೀರೀಸಲ್ಲಿ ಅಸ್ಮೋಡಿಯನ್ ಅನ್ನೋ ವಿಲನ್ನನ್ನ ಕೊಂದಿದ್ದು ಯಾರು ಅಂತ 1993ರಿಂದ ಜನ ಕಿತ್ತಾಡಿದ್ರು, ಉತ್ತರ ಬಂದಿದ್ದು 2010ರಲ್ಲಿ, ಅದೂ ಪುಸ್ತಕದ ಹಿಂದೆ ಹೆಸರು, ಪದಗಳ ಅರ್ಥ ಕೊಡೋ ಗ್ಲಾಸರಿಯಲ್ಲಿ. ಹದಿನೇಳು ವರ್ಷ ಕಾದು ಗ್ಲಾಸರಿ! ಅಂಥದ್ದಕ್ಕೆ ಯಾವ ಮೆಥಡ್ಡೂ ಇಲ್ಲ, ದೇವರೇ ಗತಿ. ಇನ್ನೊಂದು ತುದಿಗೆ ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ ಮಿಸ್ಟ್‌ಬಾರ್ನ್ ಥರದವು, ಲೋಹ ನುಂಗಿ ಶಕ್ತಿ ಪಡೆಯೋ ಮ್ಯಾಜಿಕ್, 16 ಲೋಹ, ನಾಲ್ಕು ನಾಲ್ಕರ ಗುಂಪು, ಒಂದು ತಳ್ಳಿದ್ರೆ ಅದರ ಜೋಡಿ ಎಳಿಯತ್ತೆ, ಅಲ್ಲಿ ಟೇಬಲ್ ಹಾಕಿದ್ರೆ ಖಾಲಿ ಮನೆಯಲ್ಲಿ ಏನು ಬರಬಹುದು ಅಂತ ಮೂಲಧಾತುಗಳ ಟೇಬಲ್ ಹಾಕಿದ ಮೆಂಡಲೀವ್ ಥರ ಹೇಳಬಹುದು. ಓದೋನಿಗೆ ಮ್ಯಾಜಿಕ್ ಎಷ್ಟು ಅರ್ಥ ಆಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದನ್ನ ಬಳಸಿ ಸಮಸ್ಯೆ ಬಗೆಹರಿಸಬಹುದು ಅಂತ ಸ್ಯಾಂಡರ್ಸನ್ 2007ರಲ್ಲೇ ಬರೆದಿಟ್ಟಿದಾರೆ, ಅವರು ಆಟದ ರೂಲ್ಸ್ ಕೊಟ್ಟೇ ಆಡಿಸೋದು. ನಮ್ಮ ಸೀರೀಸಿನವರು ರೂಲ್ಸ್ ಕೊಡಲ್ಲ. ಟೇಬಲ್ ಹಾಕಕ್ಕೆ ಹೋಗಿ ಒಂದು ತಿಂಗಳು ಹಾಳು.

ಆಗ ಹೊಳೆದಿದ್ದು ಬೆಲೆ ಶೀಟ್. ಶಕ್ತಿ ಏನು ಮಾಡತ್ತೆ ಅಂತ ಬರೆಯೋದು ಬಿಟ್ಟೆ, ಅದಕ್ಕೆ ಬೆಲೆ ಏನು, ಯಾರು ತೆತ್ತರು ಅಂತ ಬರೆಯಕ್ಕೆ ಶುರು ಮಾಡ್ದೆ. ಕಾಲಂಗಳು ಸಿಂಪಲ್: ಪುಟ, ಏನು ವಾಸಿ ಮಾಡಿದ್ಲು, ಅಲ್ಲಿಂದ ಎರಡು ಪುಟದೊಳಗೆ ಏನು ಕೆಟ್ಟಿತು, ಅದನ್ನ ಯಾರು ನೋಡಿದ್ರು, ನೋಡಿದವರು ಏನು ಮಾಡಿದ್ರು. ಕೊನೇ ಎರಡು ಕಾಲಂ ಯಾಕೆ ಹಾಕ್ದೆ ಅಂತ ಆವಾಗ ನಂಗೇ ಸರಿಯಾಗಿ ಗೊತ್ತಿರಲಿಲ್ಲ, ಜಾಗ ಇತ್ತು ಹಾಕ್ದೆ.

ನಾಲ್ಕು ಪುಸ್ತಕ, ಹತ್ತಿರ ಹತ್ತಿರ 3,000 ಪುಟ, ಅರವತ್ತು ಎಪ್ಪತ್ತು ಸಾಲು ಎಂಟ್ರಿ ಬಂತು. ಎರಡನೇ ಪುಸ್ತಕದಲ್ಲಿ ಒಬ್ಬ ಹುಡುಗನ ತೋಳಿನ ಮೂಳೆ ಕೂಡಿಸ್ತಾಳೆ, ಅರ್ಧ ಪುಟ ಬಿಟ್ಟು ಕಮ್ಮಾರ ತನ್ನ ಮಗ್ ಎತ್ತಕ್ಕೆ ಹೋದ್ರೆ ಹಿಡಿ ಕೈಗೆ ಬರತ್ತೆ, ಬೈಕೊಂಡು ಎಸಿತಾನೆ. ಎಲ್ರೂ ಅದನ್ನ ಕಾಮಿಡಿ ಅಂತ ಓದಿದ್ರು. ಮೂರನೇದ್ರಲ್ಲಿ ಕುದುರೆ ಕಾಲು ಸರಿ ಮಾಡ್ತಾಳೆ, ಮುಂದಿನ ಪುಟದಲ್ಲಿ ಗಾಡಿ ಅಚ್ಚು ಮುರಿಯತ್ತೆ, ಪ್ರಯಾಣ ಲೇಟ್ ಆಗಕ್ಕೆ ಲೇಖಕಿ ಒಂದು ನೆಪ ಹುಡುಕಿದಾರೆ ಅಂದ್ಕೊಂಡ್ರು. ಹಿಮದ ಬಯಲಲ್ಲಿ, ಸುತ್ತ ಏನೂ ಇಲ್ಲದ ಕಡೆ, ಒಬ್ಬ ಸೈನಿಕನ ಪಕ್ಕೆಲುಬು ಸರಿ ಮಾಡಿದ ಮೇಲೆ ಅವಳ ಹಲ್ಲೇ ಒಡೆಯತ್ತೆ. ಚಳಿಗೆ ಹಲ್ಲು ಕಟಕಟ ಅಂದು ಒಡೀತು ಅಂತೆ. ಯಾರಿಗಾದ್ರೂ ಒಡೆದಿದ್ಯಾ ಹಾಗೆ?

ಗ್ಯಾಂಗ್ ಮಾತು ಇದ್ದಿದ್ದೇ, ಪುಸ್ತಕದಲ್ಲಿ ಸಾಮಾನು ಮುರಿಯೋದು ಸಹಜ, ನೀನು ಹುಡುಕ್ತಿದೀಯ ಅದಕ್ಕೆ ಸಿಗ್ತಿದೆ. ಅದು ನ್ಯಾಯವಾದ ಮಾತು, ಕುದುರೆ ಮುದುಕನ ಥಿಯರಿ ಬರೆದೋನು ನಾನೇ ಅಲ್ವಾ. ಅದಕ್ಕೆ ಅವಳು ಶಕ್ತಿ ಬಳಸದೇ ಇರೋ ಪುಟಗಳನ್ನ ಚೀಟಿ ಎತ್ತಿ ಆರಿಸಿ, ಅಲ್ಲೆಲ್ಲ ಎಷ್ಟು ಸಾಮಾನು ಮುರಿಯತ್ತೆ ಅಂತ ಎಣಿಸ್ದೆ. ನೂರು ಪುಟಕ್ಕೆ ಐದಾರು, ಅದೂ ಹೊಡೆದಾಟದ ಸೀನ್ ಸೇರಿಸಿ. ಶಕ್ತಿ ಬಳಸಿದ ಕಡೆ ಹತ್ತರಲ್ಲಿ ಎಂಟು ಸಲ ಏನೋ ಒಂದು ಮುರಿದಿರತ್ತೆ. ಥಿಯರಿ ಕಟ್ಟೋ ಯಾರೂ ಈ ಕೆಲಸ ಮಾಡಲ್ಲ, ಬೇಜಾರಿನ ಕೆಲಸ, ಆದ್ರೆ ನನ್ನ ಥಿಯರಿ ನಿಂತಿದ್ದೇ ಇದರ ಮೇಲೆ. ಇನ್ಮೇಲೆ ಯಾರಾದ್ರೂ ಸಾಕ್ಷಿ ಪಟ್ಟಿ ತಂದ್ರೆ ನಾನು ಕೇಳೋ ಮೊದಲ ಪ್ರಶ್ನೆ, ಮಿಕ್ಕ ಪುಟಗಳಲ್ಲಿ ಎಷ್ಟಿದೆ ಹೇಳಿ.

ಜೋಡಿ ವಿಷಯ ತಾನಾಗೇ ಬಂತು. ಯಾರು ನೋಡಿದ್ರು ಅನ್ನೋ ನಾಲ್ಕನೇ ಕಾಲಂ ಹೆಚ್ಚುಕಮ್ಮಿ ಖಾಲಿ. ಅಷ್ಟು ಮುರಿದ್ರೂ ಯಾರೂ ನೋಡಲ್ಲ, ರಾಜಕುಮಾರ ಅಂತೂ ಅವಳ ಮುಖ ನೋಡ್ತಾ ಡೈಲಾಗ್ ಹೊಡಿತಿರ್ತಾನೆ. ಒಬ್ಬನ ಹೆಸರು ಮಾತ್ರ ನಾಲ್ಕೈದು ಕಡೆ ಬಿತ್ತು, ನಕ್ಷೆಯವನು. ಅವನ ಪಿಓವಿ, ಅಂದ್ರೆ ಅವನ ಕಣ್ಣಿಂದ ಕಥೆ ಹೇಳೋ ಚಾಪ್ಟರ್‌ಗಳನ್ನ ಜನ ಸ್ಕಿಪ್ ಮಾಡ್ತಾರೆ, ಯಾಕಂದ್ರೆ ಬರೀ ಬೆಟ್ಟ ನದಿ ಅಳತೆ, ಗೊಣಗಾಟ. ಆದ್ರೆ ಅಲ್ಲಿ ನೋಡಿ, ಮೂರನೇ ಪುಸ್ತಕದ ನಡುಮಧ್ಯದಿಂದ ಅವಳು ಕೈ ಚಾಚೋ ಮುಂಚೆ ಪ್ರತಿ ಸಲ ಅವನು ಮಸಿ ಬಾಟ್ಲಿ ಎತ್ತಿ ಕಂಬಳಿ ಒಳಗೆ ಸುತ್ತಿ ದೂರ ಇಡ್ತಾನೆ. ಒಂದು ಮಾತೂ ಆಡಲ್ಲ. ಲೇಖಕಿ ಕೂಡ ಯಾಕೆ ಅಂತ ಹೇಳಲ್ಲ, ಬಾಟ್ಲಿ ಸುತ್ತಿದ, ಇಟ್ಟ, ಮುಂದಿನ ವಾಕ್ಯ. ಅಂದ್ರೆ ಅವನಿಗೆ ಗೊತ್ತು. ಅವಳಿಗೇ ಗೊತ್ತಿಲ್ಲದ ಅವಳ ಗುಟ್ಟು ಇವನಿಗೆ ಗೊತ್ತು, ಗೊತ್ತಿದ್ದೂ ಬೈಯಲ್ಲ, ಓಡಿಹೋಗಲ್ಲ, ಬಾಟ್ಲಿ ಮಾತ್ರ ಜೋಪಾನ ಮಾಡ್ತಾನೆ. ಇಂಥೋನನ್ನ ಬಿಟ್ಟು ಹಸಿರು ಕಣ್ಣಿನ ಹಿಂದೆ ಹೋಗ್ತೀರಲ್ಲ, ಏನು ಹೇಳೋದು.

ಇದರ ಮೇಲೆ ನಾನು ಬರೆದಿಟ್ಟ ಭವಿಷ್ಯ: ಐದನೇದ್ರಲ್ಲಿ ಅವಳನ್ನ ಮತ್ತೆ ಏನೂ ಇಲ್ಲದ ಜಾಗಕ್ಕೆ ತಂದು ನಿಲ್ಲಿಸ್ತಾರೆ, ಮುರಿತ ಹೋಗಕ್ಕೆ ಜಾಗ ಇರಲ್ಲ, ಆಗ ನಕ್ಷೆಯವನು ಬೆಲೆ ತೆರ್ತಾನೆ, ಕೈನೋ ಕಾಲೋ ಹೋಗತ್ತೆ. ಪುಸ್ತಕದಲ್ಲಿ ಆಗಿದ್ದು ಅದಕ್ಕಿಂತ ಚೆನ್ನಾಗಿತ್ತು, ಉಪ್ಪಿನ ಬಯಲಿಗೆ ಅವನು ಒಂದು ಚೀಲ ತುಂಬಾ ಖಾಲಿ ಮಸಿ ಬಾಟ್ಲಿ ಹೊತ್ಕೊಂಡು ಬಂದಿರ್ತಾನೆ, ಒಡೆಯಕ್ಕೆ ಅಂತಲೇ. ಆ ಪುಟ ಓದೋವಾಗ ನಾನು ಕೂಗಿದ್ದಕ್ಕೆ ಮನೆಯವರು ಎದ್ದು ಬಂದ್ರು.

ಸೈಡಲ್ಲಿ ಇನ್ನೊಂದು ಆಟ ಆಡ್ದೆ. ಮುಗಿದುಹೋಗಿರೋ, ಆದ್ರೆ ನಾನು ಓದದೇ ಇರೋ ಸೀರೀಸ್‌ಗಳನ್ನ ತಗೊಂಡು ಅರ್ಧಕ್ಕೆ ನಿಲ್ಲಿಸಿ, ಶೀಟ್ ಹಾಕಿ, ಜೋಡಿ ಯಾರು ಅಂತ ನನಗೇ ಮೇಲ್ ಮಾಡ್ಕೊಂಡು ಆಮೇಲೆ ಮಿಕ್ಕಿದ್ದು ಓದೋದು. ಮೇಲ್ ಯಾಕಂದ್ರೆ ಡೇಟ್ ಬೀಳತ್ತೆ, ಆಮೇಲೆ ನಾನು ಹಾಗೇ ಅಂದಿದ್ದೆ ಅಂತ ಕೊಚ್ಕೊಳಕ್ಕೆ ಪ್ರೂಫ್. ಮೂರಕ್ಕೆ ಎರಡರಂತೆ ಸರಿ ಬಂತು ಅನ್ನಬಹುದು. ಎಲ್ಲಿ ಕೈ ಕೊಡ್ತು ಅಂದ್ರೆ, ಓದುಗರು ಯಾರಿಗೆ ಜೈ ಅಂತಾರೆ ನೋಡ್ಕೊಂಡು ವಾರವಾರ ಬರೆಯೋ ಧಾರಾವಾಹಿಗಳಲ್ಲಿ, ಅಲ್ಲಿ ಬೆಲೆ ಗಿಲೆ ಏನೂ ಇಲ್ಲ, ಗಾಳಿ ಬಂದ ಕಡೆ ತೂರ್ಕೋತಾರೆ. ಮತ್ತೆ ಶುರುವಲ್ಲೇ ಜೋಡಿ ಗಟ್ಟಿ ಮಾಡ್ಕೊಂಡಿರೋ ಲೇಖಕರಲ್ಲಿ. ರೌಲಿಂಗ್ ಅವರೇ 2014ರಲ್ಲಿ ರಾನ್-ಹರ್ಮಾಯ್ನಿ ಜೋಡಿ ತಾವು ಮೊದಲೇ ಆಸೆಪಟ್ಟು ಅಂದ್ಕೊಂಡಿದ್ದಕ್ಕೆ ಆಗಿದ್ದು ಅನ್ನೋ ಅರ್ಥದಲ್ಲಿ ಹೇಳಿದ್ರಲ್ಲ. ಯಾರಿಗೆ ಯಾರು ಸರಿ ಹೊಂದ್ತಾರೆ ಅಂತ ವಾದ ಮಾಡೋ ಶಿಪ್ಪರ್‌ಗಳು ಅದನ್ನ ಗೆಲುವು ಅಂತ ಕುಣಿದ್ರು. ಹೊಂದಿಕೆ ಹಿಡ್ಕೊಂಡು ಏನು ಮಾಡ್ತೀರಾ, ಕಥೆ ಬರೆಯೋರು ಎಲ್ಲಿಗೆ ದಾರಿ ಹಾಕಿದಾರೆ ಅದನ್ನ ನೋಡ್ಬೇಕು.

ಶೀಟಲ್ಲಿ ನೋಡಿದವನಿಗೆ ಎಷ್ಟು ಪಾಯಿಂಟ್, ನೋಡಿ ಸುಮ್ಮನಿದ್ದವನಿಗೆ ಎಷ್ಟು, ನೋಡಿ ಬೇರೆಯವರಿಗೆ ಹೇಳಿದವನಿಗೆ ಎಷ್ಟು ಮೈನಸ್ ಅನ್ನೋದನ್ನ ಹೇಳಲ್ಲ, ಅದಕ್ಕೆ ಒಂದು ವರ್ಷ ಹೋಗಿದೆ. ಚಾಪ್ಟರ್ ತಲೆಬರಹದ ಕೆಳಗೆ ಬರೋ ಪದ್ಯಗಳಿಂದಾನೂ ಒಂದು ಕೆಲಸ ತೆಗಿಬಹುದು, ಅದನ್ನೂ ಹೇಳಲ್ಲ. ಒಂದು ಸುಳಿವು ಬೇಕಾದ್ರೆ, ಪದ್ಯದ ಅರ್ಥ ಬಿಡಿ, ಯಾವ ಚಾಪ್ಟರಿಗೆ ಪದ್ಯ ಇಲ್ಲ ಅದನ್ನ ನೋಡಿ.

ಬೆಟ್ ಗೆದ್ದಿದ್ದಕ್ಕೆ ಬಂದಿದ್ದು ಐದನೇ ಪುಸ್ತಕದ ಹಾರ್ಡ್‌ಕವರ್, ನಾಲ್ಕು ಜನ ಸೋತೋರು ಚಂದಾ ಎತ್ತಿ ಕೊಡಿಸಿದ್ದು, ಖರ್ಚು ಮಾಡಿದ್ದರ ಮುಂದೆ ಅದೇನೂ ಅಲ್ಲ. ಆರನೇದಕ್ಕೆ ಈಗ ನನ್ನ ಲೆಕ್ಕ ಇಷ್ಟು: ರಾಜಕುಮಾರನ ತಮ್ಮನಿಗೆ ಶಕ್ತಿ ಇದೆ, ಅವನು ಮಾತಾಡಿದಾಗಲೆಲ್ಲ ಪಕ್ಕದವರು ಹೇಳಬೇಕಾಗಿದ್ದನ್ನ ಮರೀತಾರೆ, ಎಂಟು ಕಡೆ ಬಂದಿದೆ, ಬೇಕಾದ್ರೆ ಹುಡುಕ್ಕೊಳ್ಳಿ. ಒಪ್ಪದೇ ಇರೋರು ಬೆಟ್ಟಿಗೆ ಬನ್ನಿ, ಸೋತೋರು ಹಾರ್ಡ್‌ಕವರ್ ಕೊಡಿಸ್ಬೇಕು, ಪೇಪರ್‌ಬ್ಯಾಕ್ ನಡೆಯಲ್ಲ.