ಹಳೆ ಸ್ಪ್ಲೆಂಡರ್ ರಿಪೇರಿ ಮಾಡಿಸೋದಾ, ಕೊಟ್ಟು ಬಿಡೋದಾ: ನನ್ನ ಅನುಭವ

ನನ್ನದು 2011ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಕೆಎ 32 ಗಾಡಿ. ಕಲಬುರಗಿಯಿಂದ ಜೇವರ್ಗಿಗೆ ಕೆಲಸಕ್ಕೆ ಹೋಗಿಬರುವುದು ಇದರ ಮೇಲೇ. ಇಷ್ಟು ವರ್ಷದಲ್ಲಿ ನಡುದಾರಿಯಲ್ಲಿ ಕೈ ಕೊಟ್ಟ ಗಾಡಿಯಲ್ಲ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರಲು ಶುರುವಾಯಿತು. 2026ಕ್ಕೆ ಆರ್‌ಸಿಯ 15 ವರ್ಷವೂ ಮುಗಿಯುತ್ತದೆ. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮನೆಯಲ್ಲಿ ಎಲ್ಲರೂ ‘ಕೊಟ್ಟು ಹೊಸದು ತಗೋ’ ಅಂದರು.

ಶೋರೂಂಗೆ ಹೋಗುವ ಮೊದಲು ನಾನು ಹೋದದ್ದು ರಿಂಗ್ ರೋಡ್ ಪಕ್ಕದ ನಮ್ಮ ಮಿಸ್ತ್ರಿ ಹತ್ತಿರ. ಶೋರೂಂನಲ್ಲಿ ಹಳೆ ಗಾಡಿಯ ಬಗ್ಗೆ ನಿಜ ಹೇಳುವವರು ಯಾರೂ ಇರುವುದಿಲ್ಲ, ಅಲ್ವಾ? ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಪಿಸ್ಟನ್ ರಿಂಗ್ ಸವೆದಿರಬೇಕು, ಇಲ್ಲವೇ ವಾಲ್ವ್ ಸೀಲ್ ಹೋಗಿರಬೇಕು. ಬ್ಲಾಕ್ ಬಿಚ್ಚಿಸಿ ನೋಡಿದೆವು. ಬೋರ್, ಅಂದರೆ ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ, ಸವೆದಿತ್ತು. ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಬೌಲ್ ತೆಗೆದಾಗ ಒಳಗಿನ ರಬ್ಬರ್ ಗ್ಯಾಸ್ಕೆಟ್ ಉಬ್ಬಿ ತನ್ನ ಕಚ್ಚಿನಲ್ಲೇ ಕೂರುತ್ತಿರಲಿಲ್ಲ. ಬೆರಳಲ್ಲಿ ಒತ್ತಿದರೂ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. 2011ರ ಗಾಡಿಯ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ.

ಇದೆಲ್ಲ ಸರಿಹೋಗುವ ಕೆಲಸವೇ. ಪಿಸ್ಟನ್ ಕಿಟ್, ಸೀಲ್, ಹೋಸ್ ಎಲ್ಲ ಕಲಬುರಗಿಯಲ್ಲೇ ಸಿಗುತ್ತವೆ, ಹೊಸ ಗಾಡಿಯ ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ. ಆರ್‌ಸಿ ರಿನ್ಯೂ ಮಾಡಿಸಿದರೆ ಮತ್ತೆ ಐದು ವರ್ಷ ಓಡಿಸಬಹುದು. ಬರೀ ದುಡ್ಡಿನ ಲೆಕ್ಕ ನೋಡಿದರೆ ರಿಪೇರಿಯೇ ಗೆಲ್ಲುತ್ತಿತ್ತು. ಮಿಸ್ತ್ರಿ ಹೇಳಿದ ಮಾತು ಬೇರೆ ಕಡೆ ತಿರುಗಿಸಿತು: ‘ಎಂಜಿನ್ ನಾ ಮಾಡಿ ಕೊಡ್ತೀನ್ರೀ. ಬ್ರೇಕ್ ಇದಕ್ಕಿಂತ ಚಲೋ ಎಲ್ಲಿಂದ ತರ್ಲಿ?’

ಎರಡೂ ಕಡೆ ಡ್ರಮ್ ಬ್ರೇಕ್. ನಾನು ಓಡಾಡುವುದು ಎನ್‌ಎಚ್ 50ರಲ್ಲಿ. ಫರಹತಾಬಾದ್ ದಾಟಿ ಭೀಮಾ ಸೇತುವೆವರೆಗೆ ಲಾರಿಗಳ ಸಾಲು. ಮಳೆ ಬಿದ್ದರೆ ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳ ಟೈರಿನ ಕರಿಮಣ್ಣು ಡಾಂಬರ್ ಮೇಲೆ ಹರಡಿ ಎಣ್ಣೆ ಚೆಲ್ಲಿದಂತೆ ಜಾರುತ್ತದೆ. ಅಲ್ಲಿ ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಬೀಳುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಚಿಕ್ಕವಕ್ಕೆ ಕಾಂಬಿ ಬ್ರೇಕ್ ಸಾಕು, ಅಂದರೆ ಹಿಂದಿನದು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ಹೀಗಾಗಿ ಇನ್ನೊಂದು 100 ಅಥವಾ 125 ಸಿಸಿ ಗಾಡಿಗೆ ಹೋಗುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. 162.7 ಸಿಸಿಯ ಹೋಂಡಾ ಯುನಿಕಾರ್ನ್ ತಗೊಂಡೆ. ಮುಂದಿನ ಚಕ್ರಕ್ಕೆ ಡಿಸ್ಕ್, ಎಬಿಎಸ್ ಇದೆ. ಮೈಲೇಜ್ ಕಮ್ಮಿ, ಗಾಡಿ ಭಾರ ಜಾಸ್ತಿ. ಪೇಟೆಯೊಳಗೆ ಮಾತ್ರ ಓಡಾಡುವವರಾದರೆ ನಾನೇ ‘ರಿಪೇರಿ ಮಾಡಿಸಿ, ಸುಮ್ನೆ ಸಾಲ ಬೇಡ’ ಅಂತ ಹೇಳುತ್ತೇನೆ.

ಜಿಎಸ್‌ಟಿ ಬಗ್ಗೆ ಒಂದು ಮಾತು. ತೆರಿಗೆ ಶೇ 10 ಇಳಿಯಿತು ಅಂದರೆ ಬೆಲೆ ಶೇ 10 ಇಳಿಯುತ್ತದೆ ಅಂತಲ್ಲ. ತೆರಿಗೆ ಬಿಟ್ಟು 100 ರೂಪಾಯಿಯದು ಮೊದಲು ತೆರಿಗೆ ಸೇರಿ 128 ರೂಪಾಯಿ ಇದ್ದದ್ದು ಈಗ 118, ಅಷ್ಟೇ. ಲಕ್ಷದ ಗಾಡಿಗೆ ಏಳು ಸಾವಿರದ ಎಂಟುನೂರರ ಹತ್ತಿರ. ಹೊಸದು ಅಗ್ಗವಾದಾಗ ಹಳೆ ಗಾಡಿಯ ರೇಟೂ ಬೀಳುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ.

ಎಕ್ಸ್‌ಚೇಂಜ್‌ನಲ್ಲಿ ನನಗೆ ಸಿಟ್ಟು ಬಂದದ್ದು ರೇಟಿಗಲ್ಲ. ಒಂದು ಶೋರೂಂನಲ್ಲಿ ಬೋನಸ್ ಸೇರಿಸಿ ಹೇಳಿದ ಬೆಲೆ ಹೊರಗಿನದಕ್ಕಿಂತ ಕಮ್ಮಿ ಇತ್ತು, ಅದು ಇರಲಿ. ಗಾಡಿ ಮಾರಿದಾಗ ಹೆಸರು ವರ್ಗಾವಣೆಗೆ ಆರ್‌ಟಿಒಗೆ ಕೊಡುವ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಕೊಡಿ ಅಂದರು. ಕೊಳ್ಳುವವನ ಹೆಸರು, ತಾರೀಖು ಏನೂ ಇಲ್ಲ. ಆ ಗಾಡಿ ಮುಂದೆ ಯಾರ ಕೈಗೆ ಹೋಗುತ್ತದೋ, ಯಾವ ಊರಲ್ಲಿ ಯಾರಿಗೆ ಗುದ್ದುತ್ತದೋ! ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಇರುವವನೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಾನು ಸಹಿ ಹಾಕದೆ ಎದ್ದು ಬಂದೆ.

ಕೊನೆಗೆ ಗಾಡಿಯನ್ನು ತಗೊಂಡವರು ಅಫಜಲಪುರ ಕಡೆಯ ಒಬ್ಬ ರೈತರು. ಹೊಗೆ, ಬೋರ್, ಗ್ಯಾಸ್ಕೆಟ್ ಎಲ್ಲ ಬಿಚ್ಚಿ ತೋರಿಸಿಯೇ ಬೆಲೆ ಮಾತಾಡಿದೆ. ಮನೆಯಿಂದ ತೊಗರಿ ಹೊಲಕ್ಕೆ ಹೋಗಿಬರಲು ಅವರಿಗೆ ಆ ಬ್ರೇಕ್ ಸಾಕು. ಎಂದೋ ತೀರಿದ ಸಾಲದ ಬ್ಯಾಂಕ್ ಹೆಸರು ಆರ್‌ಸಿಯಲ್ಲಿ ಇನ್ನೂ ಇತ್ತು, ಮೊದಲು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದೆ. ಆಮೇಲೆ ಇಬ್ಬರೂ ಕೂತು ಹೆಸರು ವರ್ಗಾವಣೆಯ ಅರ್ಜಿ ಹಾಕಿದೆವು. ಗಾಡಿ ಒಪ್ಪಿಸಿದ ತಾರೀಖು ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿದ ಚೀಟಿಯ ಒಂದೊಂದು ಪ್ರತಿ ಇಟ್ಟುಕೊಂಡೆವು. ಹೆಸರು ಬದಲಾದ ಮೆಸೇಜ್ ಬಂದ ಮೇಲೆ ಅವರು ಉಳಿದ ದುಡ್ಡು ಕೊಟ್ಟರು, ನಾನು ಎರಡನೇ ಕೀ ಕೊಟ್ಟೆ.