ಇಂಗ್ಲೆಂಡಿನ ಚಾಕ್ ಗುಡ್ಡಗಳಲ್ಲಿ ರೋಡ್ ಸೈಕಲ್: ಮಾರ್ಗ ಹಾಕುವುದು ಹೇಗೆ

ಇಂಗ್ಲೆಂಡಿನ ಚಾಕ್ ಗುಡ್ಡಗಳಲ್ಲಿ ಅತಿ ಎತ್ತರದ್ದು ವಾಲ್ಬರಿ ಹಿಲ್. ಅದೂ 297 ಮೀಟರ್ ಅಷ್ಟೇ. ಈ ಅಂಕಿ ನೋಡಿ "ಇದೇನು ಮಹಾ" ಎಂದು 80 ಕಿ.ಮೀ. ಹಾಕಿಕೊಂಡು ಹೊರಟವರ ಕಾಲು ಐವತ್ತಕ್ಕೇ ಸೋತಿರುತ್ತದೆ. ಇಲ್ಲಿ ಒಂದು ದೊಡ್ಡ ಘಟ್ಟ ಅಂತ ಇಲ್ಲ. ನೂರು, ನೂರಿಪ್ಪತ್ತು ಮೀಟರಿನ ಏರುಗಳು ಒಂದರ ಹಿಂದೊಂದು ಬರುತ್ತವೆ, ಅವುಗಳಲ್ಲಿ ಅರ್ಧ ಕಡಿದಾದವು. ಆದ್ದರಿಂದ ಮಾರ್ಗವನ್ನು ದೂರದಿಂದ ಅಳೆಯಬೇಡಿ, ಒಟ್ಟು ಏರಿನಿಂದ ಅಳೆಯಿರಿ. 10 ಕಿ.ಮೀ.ಗೆ 100 ಮೀಟರ್ ಏರು ಬಂದರೆ ಸಾಧಾರಣ ದಿನ. 150 ದಾಟಿದರೆ ದೂರವನ್ನು ಕಾಲುಭಾಗ ಕಡಿಮೆ ಮಾಡಿಕೊಳ್ಳುವುದು ಜಾಣತನ.

ಮೊದಲು ಗುಡ್ಡದ ಆಕಾರ ತಿಳಿದುಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಸೀಮೆಸುಣ್ಣದಂಥ ಈ ಬಿಳಿ ಕಲ್ಲಿನ ಪದರ ಓರೆಯಾಗಿ ಮಲಗಿದೆ. ಹಾಗಾಗಿ ಪ್ರತಿ ಸಾಲಿಗೂ ಗೋಡೆಯಂಥ ಒಂದು ಮುಖ, ನಿಧಾನವಾಗಿ ಇಳಿಯುವ ಒಂದು ಬೆನ್ನು. ಚಿಲ್ಟರ್ನ್ಸ್ ಎಂಬ ಸಾಲಿನ ಮುಖ ವಾಯವ್ಯಕ್ಕೆ, ಸೌತ್ ಡೌನ್ಸ್‌ನದು ಉತ್ತರಕ್ಕೆ, ನಾರ್ತ್ ಡೌನ್ಸ್‌ನದು ದಕ್ಷಿಣಕ್ಕೆ. ಬೆನ್ನಿನ ಕಡೆ ಒಣ ಕಣಿವೆಗಳು ಸೀಳಿಕೊಂಡು ಹೋಗಿವೆ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿ ನೀರು ಇಂಗದೆ ಮೇಲೇ ಹರಿದಾಗ ಕೊರೆದವು ಇವು. ಈಗ ನೀರೆಲ್ಲ ಕಲ್ಲಿನೊಳಗೆ ಇಂಗಿಹೋಗುತ್ತದೆ, ಹಳ್ಳ ಮಾತ್ರ ಉಳಿದಿದೆ. ಊರಿನ ಹೆಸರಿನ ಕೊನೆಗೆ 'ಬಾಟಮ್' ಅಂತಿದ್ದರೆ ಅದು ಇಂಥ ಕಣಿವೆ: ಕಿಲೋಮೀಟರುಗಟ್ಟಲೆ ಏರುವುದೇ ಗೊತ್ತಾಗದ ದಾರಿ, ತುದಿಯಲ್ಲಿ ಮಾತ್ರ ಒಂದು ಮೊನಚು ಏರು.

ಇದರಿಂದ ಹೊರಡುವ ನಿಯಮ ಒಂದೇ. ಮುಖದ ಮೇಲಿನ ಕಿರುದಾರಿಯನ್ನು ಏರಲು ಇಟ್ಟುಕೊಳ್ಳಿ, ಇಳಿಯಲು ಅಗಲ ರಸ್ತೆಯನ್ನೋ ಬೆನ್ನಿನ ಕಣಿವೆಯನ್ನೋ ಹಿಡಿಯಿರಿ. ಕಡಿದಾದ ಕಿರುದಾರಿ ಒಂದು ಕಾರಿನಷ್ಟೇ ಅಗಲ, ಎರಡೂ ಬದಿ ಆಳೆತ್ತರದ ಮಣ್ಣಿನ ದಿಂಡು ಮತ್ತು ಬೇಲಿ, ನಡುವೆ ಜಲ್ಲಿಯ ಗೆರೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರುವವರಿಗೆ ಎದುರಿಂದ ಬರುವ ಟ್ರ್ಯಾಕ್ಟರ್ ಬರೀ ಕಿರಿಕಿರಿ. 50ರಲ್ಲಿ ಇಳಿಯುವವರಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ನಕ್ಷೆಗೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯದು ಸಾಕು. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಇಳಿಜಾರು 14ರಿಂದ 20 ಪರ್ಸೆಂಟ್, ಎರಡಿದ್ದರೆ 20ಕ್ಕಿಂತ ಹೆಚ್ಚು. ಬಾಣದ ಮೊನೆ ಇಳಿಯುವ ಕಡೆಗೆ. ಆ್ಯಪ್‌ನಲ್ಲಿ ಮಾರ್ಗ ಹಾಕುವಾಗ 'ರೋಡ್' ಆಯ್ಕೆ ಮಾಡಿದರೂ ಅದು ಕೆಲವೊಮ್ಮೆ ಕುದುರೆ ದಾರಿಗೆ, ಅಂದರೆ ಬ್ರೈಡಲ್‌ವೇಗೆ, ತಿರುಗಿಸಿಬಿಡುತ್ತದೆ. ಅಲ್ಲಿ ಸೈಕಲ್ ಓಡಿಸುವುದು ಕಾನೂನುಬದ್ಧವೇ. ಆದರೆ ಒದ್ದೆ ಚಾಕ್ ಸಾಬೂನಿನಂತೆ ಜಾರುತ್ತದೆ, ಅದರ ಕೆಸರು ಬ್ರೇಕ್ ಮತ್ತು ಫೋರ್ಕಿನ ನಡುವೆ ತುಂಬಿಕೊಂಡು ಚಕ್ರವೇ ತಿರುಗದಂತೆ ಮಾಡುತ್ತದೆ. ಗೆರೆ ಡಾಂಬರು ಬಿಟ್ಟು ಹೋಗಿದೆಯೇ ಎಂದು ಉಪಗ್ರಹ ಚಿತ್ರದಲ್ಲಿ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಕಲಿಯಲು ಒಳ್ಳೆಯ ಸುತ್ತು ಚಿಲ್ಟರ್ನ್ಸ್‌ನಲ್ಲಿ, ಥೇಮ್ಸ್ ದಡದ ಹೆನ್ಲಿಯಿಂದ ಹೊರಡುವ ಸುಮಾರು 40 ಕಿ.ಮೀ.ಯದು. ಟ್ವೈಫರ್ಡ್‌ನಲ್ಲಿ ಬದಲಾಯಿಸಿದರೆ ಕವಲು ರೈಲು ಊರೊಳಗೇ ಇಳಿಸುತ್ತದೆ. ಫೇರ್ ಮೈಲ್ ಎಂಬ ನೇರ ರಸ್ತೆಯಲ್ಲಿ ಹೊರಟು ಲೋವರ್ ಅಸೆಂಡನ್‌ನಲ್ಲಿ ಬಲಕ್ಕೆ ಬಿ480 ರಸ್ತೆ ಹಿಡಿಯಿರಿ. ಸ್ಟೋನರ್, ಪಿಷಿಲ್ ದಾಟುವವರೆಗೂ ಇದು ಕಣಿವೆಯ ತಳ. ಏರುತ್ತಿದ್ದೀರಿ ಎಂದು ಸೈಕಲ್ಲಿನ ಮೀಟರ್ ಹೇಳಬೇಕು, ಕಾಲು ಹೇಳುವುದಿಲ್ಲ. ಇಲ್ಲಿ ಹುರುಪಿಗೆ ಬಿದ್ದು ದೊಡ್ಡ ಚೈನ್‌ರಿಂಗ್‌ನಲ್ಲಿ, ಅಂದರೆ ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರದಲ್ಲಿ, ತುಳಿಯುವುದೇ ಎಲ್ಲರೂ ಮಾಡುವ ತಪ್ಪು. ನೆತ್ತಿ ದಾಟಿದ ಮೇಲೆ ಹೌ ಹಿಲ್ ಇಳಿದು ವಾಟ್ಲಿಂಗ್ಟನ್. ನೀರು, ತಿಂಡಿ ಎರಡನ್ನೂ ಇಲ್ಲೇ ಮುಗಿಸಿ. ಕಾರಣ ಭೂಮಿಯದೇ: ಚಾಕ್‌ನೊಳಗೆ ಇಂಗಿದ ನೀರು ಗುಡ್ಡದ ಬುಡದಲ್ಲಿ ಊಟೆಯಾಗಿ ಹೊರಬರುತ್ತದೆ, ಹಳೆಯ ಊರುಗಳು ಅಲ್ಲೇ ಸಾಲಾಗಿ ಕೂತಿವೆ. ಮೇಲೆ ಕಾಡು, ಹೊಲ ಬಿಟ್ಟರೆ ಹೆಚ್ಚೇನಿಲ್ಲ.

ವಾಟ್ಲಿಂಗ್ಟನ್‌ನಿಂದ ಹಿಲ್ ರೋಡ್ ಹಿಡಿದರೆ ನೇರ ಮುಖದ ಮೇಲೆ. ನೂರು ಮೀಟರಿಗೂ ಹೆಚ್ಚು ಏರು, ಮರಗಳ ನಡುವೆ ಸೇರುವಲ್ಲಿ ಇಳಿಜಾರು ಹತ್ತು ಪರ್ಸೆಂಟ್ ದಾಟುತ್ತದೆ. ಕ್ರಿಸ್‌ಮಸ್ ಕಾಮನ್ ತಲುಪಿದರೆ ದಿನದ ಕಷ್ಟ ಮುಗಿದಂತೆ. ತಲೆಯ ಮೇಲೆ ಕವಲು ಬಾಲದ ಕೆಂಪು ಹದ್ದುಗಳು ಸುತ್ತುತ್ತಿರುತ್ತವೆ. ಅಳಿದುಹೋಗಿದ್ದ ಅವನ್ನು ಇಲ್ಲಿ 1989ರಿಂದ ಮತ್ತೆ ತಂದು ಬಿಟ್ಟದ್ದು. ನಾರ್ತೆಂಡ್, ಟರ್ವಿಲ್ ಹೀತ್ ಮೂಲಕ ಟರ್ವಿಲ್‌ಗೆ ಇಳಿಯಿರಿ. ಮುಂದೆ ಫಿಂಜೆಸ್ಟ್, ಸ್ಕರ್ಮೆಟ್, ಹ್ಯಾಂಬಲ್ಡನ್ ತನಕ ಇಳಿಜಾರೇ ತಳ್ಳಿಕೊಂಡು ಹೋಗುತ್ತದೆ. ಮಿಲ್ ಎಂಡ್‌ನಲ್ಲಿ ಬಲಕ್ಕೆ ತಿರುಗಿದರೆ ಎ4155, ನಾಲ್ಕೈದು ಕಿ.ಮೀ.ಗೆ ಹೆನ್ಲಿ. ಈ ಕೊನೆಯ ತುಂಡಿನಲ್ಲಿ ವಾಹನ ಹೆಚ್ಚು. ಹಗಲಲ್ಲೂ ಹಿಂದಿನ ಕೆಂಪು ದೀಪ ಹಾಕಿ.

ಈಗ ಗೇರ್. ಲೆಕ್ಕ ಹೀಗಿದೆ: 16 ಪರ್ಸೆಂಟ್ ಏರಿನಲ್ಲಿ ಸಾಮಾನ್ಯ ಸವಾರರ ವೇಗ ಗಂಟೆಗೆ 6 ಕಿ.ಮೀ. ಮುಂದೆ 34, ಹಿಂದೆ 28 ಹಲ್ಲಿದ್ದರೆ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 40 ಸುತ್ತೂ ಬರುವುದಿಲ್ಲ, ಮೊಣಕಾಲು ಕಿರುಗುಟ್ಟುತ್ತದೆ. ಹಿಂದೆ 34 ಹಾಕಿದರೆ ಅದೇ ವೇಗಕ್ಕೆ 47–48 ಸುತ್ತು. ಕಡಿಮೆಯೇ, ಆದರೂ ಕೂತು ತುಳಿಯಬಹುದು. ಒದ್ದೆ ರಸ್ತೆಯಲ್ಲಿ ಎದ್ದು ನಿಂತರೆ ಹಿಂದಿನ ಚಕ್ರ ಜಾರುವುದರಿಂದ ಕೂತು ತುಳಿಯಬಲ್ಲ ಗೇರ್ ಬೇಕೇ ಬೇಕು. ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬದಲಿಸುವ ಮುನ್ನ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲನ್ನು ತಾಳುತ್ತದೆಯೇ ನೋಡಿ. ಗಿಡ್ಡ ಕೇಜ್‌ನವು, ಅಂದರೆ ಕೆಳಗೆ ಇಳಿಬಿದ್ದ ತೋಳು ಗಿಡ್ಡದಾಗಿರುವವು, ಎಷ್ಟೋ ತಾಳುವುದಿಲ್ಲ.

ಈ ಸೀಮೆಯ ನಿಜವಾದ ಶತ್ರು ಏರಲ್ಲ, ಚಕಮಕಿ ಕಲ್ಲು. ಚಾಕ್‌ನೊಳಗೆ ಗಂಟುಗಂಟಾಗಿ ಕೂತಿರುವ ಈ ಕಲ್ಲು ಒಡೆದರೆ ಗಾಜಿನಷ್ಟೇ ಹರಿತ. ಮಳೆ ಬಂದಾಗ ಹೊಲದ ಬಾಗಿಲುಗಳಿಂದ ಚೂರುಗಳು ರಸ್ತೆಗೆ ಹರಿದು ಬರುತ್ತವೆ, ನೀರು ರಬ್ಬರನ್ನು ಕೊಯ್ಯಲು ಎಣ್ಣೆಯಂತೆ ನೆರವಾಗುತ್ತದೆ. 28 ಮಿ.ಮೀ.ಗಿಂತ ಕಿರಿದಾದ ಟೈರ್ ಬೇಡ, ಜಾಗವಿದ್ದರೆ 32. ಸವಾರರ ತೂಕ 75 ಕೆ.ಜಿ. ಇದ್ದು ಟ್ಯೂಬ್ ಇರುವ 28ರ ಟೈರ್ ಆದರೆ ಗಾಳಿಯ ಒತ್ತಡವನ್ನು ಹಿಂದೆ 75, ಮುಂದೆ 68 ಪಿಎಸ್‌ಐನಿಂದ ಶುರು ಮಾಡಿ, ಒದ್ದೆ ದಿನ ಐದೈದು ಇಳಿಸಿ.

ಚೂರು ಚುಚ್ಚಿದ ಕೂಡಲೇ ಗಾಳಿ ಹೋಗುವುದು ಕಡಿಮೆ. ಅಕ್ಕಿಯ ನುಚ್ಚಿನಷ್ಟು ತುಂಡು ಮೇಲ್ಪದರದಲ್ಲಿ ಕೂತು, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಒಳಗೆ ಸರಿಯುತ್ತ, ಹತ್ತಾರು ಕಿ.ಮೀ. ಆದಮೇಲೆ ಟ್ಯೂಬ್ ಮುಟ್ಟುತ್ತದೆ. ನಿಂತಲ್ಲೆಲ್ಲ ಚಕ್ರ ತಿರುಗಿಸಿ ಟೈರಿನ ಮೇಲ್ಮೈ ನೋಡುವ ಅಭ್ಯಾಸವೇ ಅರ್ಧ ಪಂಕ್ಚರ್ ತಪ್ಪಿಸುತ್ತದೆ. ಟೈರ್ ಹಾಕುವಾಗ ಅದರ ಕಂಪನಿ ಹೆಸರು ವಾಲ್ವಿನ ನೇರಕ್ಕೆ ಬರಲಿ. ಪಂಕ್ಚರ್ ಆದರೆ ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಚೂರು ಸಿಗುತ್ತದೆ. ಒಳಗೆ ಬರಿ ಬೆರಳಾಡಿಸಬೇಡಿ, ಕೊಯ್ದುಕೊಳ್ಳುತ್ತೀರಿ. ಹತ್ತಿ ಬಟ್ಟೆ ಎಳೆಯಿರಿ, ಎಳೆ ಸಿಕ್ಕಿಕೊಂಡಲ್ಲಿ ಕಲ್ಲಿದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಎರಡನೇ ಪಂಕ್ಚರ್ ಖಾತ್ರಿ. ಟೈರೇ ಸೀಳಿದ್ದರೆ ಒಳಗಿನಿಂದ ಹಳೇ ಟೈರಿನ ತುಂಡು ಕೊಡಿ. ಅದೂ ಇಲ್ಲದಿದ್ದರೆ ಐದು ಪೌಂಡಿನ ನೋಟು ಮಡಿಸಿ ಇಡಿ. 2016ರಿಂದ ಅದು ಪ್ಲಾಸ್ಟಿಕ್ಕಿನದು, ಮನೆ ತಲುಪಿಸುತ್ತದೆ, ಆಮೇಲೆ ಖರ್ಚೂ ಮಾಡಬಹುದು. ಎರಡು ಟ್ಯೂಬ್ ಒಯ್ಯಿರಿ.

ಮುಳ್ಳಿಗೂ ಕಾಲವಿದೆ. ಹಕ್ಕಿಗಳ ಗೂಡಿಗಾಗಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರಿನಿಂದ ಯಂತ್ರಗಳು ಇಳಿಯುತ್ತವೆ, ದಾರಿಯುದ್ದಕ್ಕೂ ಹಾಥಾರ್ನ್ ಮುಳ್ಳು. ಹೊಸದಾಗಿ ಕತ್ತರಿಸಿದ ಬೇಲಿ ಕಂಡರೆ ಅಂಚು ಬಿಟ್ಟು ಚಕ್ರದ ಜಾಡಿನಲ್ಲಿ ಹೋಗಿ. ಚಳಿಗಾಲದ ಕೊನೆಗೆ ಕಣಿವೆಯ ಊಟೆಗಳು ತುಂಬಿ, ಬಿಸಿಲಿರುವ ದಿನವೂ ರಸ್ತೆಗೆ ಅಡ್ಡ ನೀರು ಹರಿಯುತ್ತದೆ; ರಾತ್ರಿ ಹೆಪ್ಪುಗಟ್ಟಿದರೆ ಮರದ ನೆರಳಲ್ಲಿ ಮಧ್ಯಾಹ್ನದವರೆಗೂ ಕರಗುವುದಿಲ್ಲ. ಗಾಳಿ ಹೆಚ್ಚಾಗಿ ನೈಋತ್ಯದ್ದು, ಹೋಗುವಾಗ ಎದುರಿಸಿ ಬರುವಾಗ ಬೆನ್ನಿಗೆ ಪಡೆಯಿರಿ.

ಬಿಳಿ ಬಿಲ್ಲೆಯ ಮೇಲೆ ಕಪ್ಪು ಓರೆ ಗೆರೆಯ ಫಲಕ ಕಂಡರೆ ಈ ಕಿರುದಾರಿಯಲ್ಲೂ ಕಾರಿನ ಮಿತಿ ಗಂಟೆಗೆ 60 ಮೈಲಿ. ಕುರುಡು ತಿರುವಿನಲ್ಲಿ ಎಡ ಅಂಚಿಗೆ ಅಂಟಿಕೊಳ್ಳದೆ ದೂರದಿಂದ ಕಾಣುವಷ್ಟು ಒಳಗಿರಿ. ಕುದುರೆ ಎದುರಾದರೆ ವೇಗ ಇಳಿಸಿ, ಹಿಂದಿನಿಂದ ಕೂಗಿ ತಿಳಿಸಿ, ಅದರ ಎಡದಿಂದ ನುಗ್ಗದೆ ಬಲಕ್ಕೆ ಅಗಲವಾಗಿ ದಾಟಿ.

ಹೆನ್ಲಿ ಸುತ್ತು ದೊಡ್ಡದೆನಿಸಿದರೆ ನಾರ್ತ್ ಡೌನ್ಸ್‌ನ ಬಾಕ್ಸ್ ಹಿಲ್: ಜಿಗ್ ಜಾಗ್ ರೋಡ್ 2.5 ಕಿ.ಮೀ., ಸರಾಸರಿ ಐದು ಪರ್ಸೆಂಟ್, ಬುಡದ ಸಮೀಪವೇ ರೈಲು ನಿಲ್ದಾಣ. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರು ಈ ಗುಡ್ಡವನ್ನು ಒಂಬತ್ತು ಸಲ ಸುತ್ತಿದರು. ಕಾಲು ಕೇಳಿದರೆ ಹ್ಯಾಸಕ್ಸ್ ನಿಲ್ದಾಣದಿಂದ ಸೌತ್ ಡೌನ್ಸ್‌ನ ಡಿಚ್ಲಿಂಗ್ ಬೀಕನ್: ಅಂಡರ್‌ಹಿಲ್ ಲೇನ್ ದಾಟಿದ ಕೂಡಲೇ ಏರು ಶುರು, ಒಂದೂವರೆ ಕಿ.ಮೀ., ಕೆಲವೆಡೆ 16 ಪರ್ಸೆಂಟ್. 248 ಮೀಟರಿನ ನೆತ್ತಿಯಿಂದ ಗುಡ್ಡದ ಬೆನ್ನಮೇಲೆ ಇಳಿದರೆ ಬ್ರೈಟನ್, ಅಲ್ಲಿಂದ ರೈಲು.

ಒದ್ದೆ ದಿನ ಓಡಿಸಿದ್ದರೆ ಸೈಕಲನ್ನು ಅಂದೇ ಸಂಜೆ ತೊಳೆಯಿರಿ. ಚಾಕ್ ಕೆಸರು ಒಣಗಿದರೆ ಗಾರೆಯಂತೆ ಕೂರುತ್ತದೆ. ರಿಮ್ ಬ್ರೇಕ್ ಆದರೆ ಪ್ಯಾಡ್ ಬಿಚ್ಚಿ, ಬೆಳಕಿಗೆ ಹಿಡಿದು, ಮಿಣುಗುವ ಚೂರುಗಳನ್ನು ಗುಂಡುಸೂಜಿಯಿಂದ ಒಂದೊಂದಾಗಿ ಕೀಳಿ. ಬಿಟ್ಟರೆ ಮುಂದಿನ ಇಳಿಜಾರಿನಲ್ಲಿ ಅವು ರಿಮ್ಮನ್ನೇ ಗೀರುತ್ತವೆ.