ತೈವಾನಿನ ಎಳ್ಳೆಣ್ಣೆ ಕೋಳಿ: ನಾನು ಮಾಡುವ ಬಗೆ

ನವೆಂಬರ್ 7ರ ಆಸುಪಾಸಿಗೆ ತೈವಾನಿನಲ್ಲಿ ‘ಲೀದೋಂಗ್’ ಬರುತ್ತದೆ, ಪಂಚಾಂಗದ ಪ್ರಕಾರ ಚಳಿಗಾಲದ ಮೊದಲ ದಿನ. ನಾನಿರುವ ಶಿಂಚೂವಿನಲ್ಲಿ ಚಳಿಗಿಂತ ಗಾಳಿಯ ಕಾಟ ಹೆಚ್ಚು, ಮನೆಯಲ್ಲಿ ಹೀಟರೂ ಇಲ್ಲ. ಹಾಗಾಗಿ ಆಗ ಶುರುವಾದ ಮಾಯೋಜಿ, ಅಂದರೆ ಎಳ್ಳೆಣ್ಣೆ ಕೋಳಿ, ಫೆಬ್ರುವರಿಯವರೆಗೂ ನಮ್ಮಲ್ಲಿ ನಡೆಯುತ್ತದೆ. ಇಲ್ಲಿ ಬಾಣಂತಿಯರಿಗೂ ತಿಂಗಳಿಡೀ ಇದನ್ನೇ ಬಡಿಸುತ್ತಾರೆ. ನಮ್ಮ ಕಡೆಯ ಬಾಣಂತನದ ನಾಟಿಕೋಳಿ ಸಾರು ಉಂಡವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ.

ಎಣ್ಣೆ ಮಾತ್ರ ನಮ್ಮ ಎಳ್ಳೆಣ್ಣೆ ನಡೆಯದು. ಹುರಿದ ಕಪ್ಪೆಳ್ಳಿನಿಂದ ತೆಗೆದ, ಕಾಫಿ ಬಣ್ಣದ ಘಮಘಮ ಎಣ್ಣೆಯೇ ಬೇಕು. ಒಂದು ಕಿಲೋ ಮೂಳೆಸಹಿತ ಕೋಳಿಗೆ ನಾಲ್ಕೈದು ಚಮಚ ಎಣ್ಣೆ, ನೂರು ಗ್ರಾಂ ಬಲಿತ ಶುಂಠಿ. ಶುಂಠಿಯ ಸಿಪ್ಪೆ ತೆಗೆಯುವುದಿಲ್ಲ, ಚೆನ್ನಾಗಿ ಉಜ್ಜಿ ತೊಳೆದು ತೆಳ್ಳಗೆ ಬಿಲ್ಲೆ ಮಾಡುತ್ತೇನೆ.

ಅಡುಗೆಯ ಜೀವ ಇರುವುದು ಮುಂದಿನ ಕಾಲು ಗಂಟೆಯಲ್ಲಿ. ಸಣ್ಣ ಉರಿಯಲ್ಲಿ ಶುಂಠಿಯ ಅಂಚು ಮುದುರಿ ಕಂದಾಗುವವರೆಗೆ ಕಾಯಬೇಕು. ಉರಿ ಜೋರಾದರೆ ಎಣ್ಣೆ ಕಹಿಯಾಗುತ್ತದೆ, ಆಮೇಲೆ ಏನು ಸುರಿದರೂ ಆ ಕಹಿ ಹೋಗದು. ಶುಂಠಿಯನ್ನು ಬದಿಗೆ ಸರಿಸಿ, ಕೋಳಿಯ ಚರ್ಮ ಹೊಂಬಣ್ಣಕ್ಕೆ ತಿರುಗುವಂತೆ ಬಾಡಿಸುತ್ತೇನೆ.

ಆಮೇಲೆ ಮೀಜ್ಯೂ, ಅಕ್ಕಿಯ ಮದ್ಯ. 600 ಮಿ.ಲೀ. ಬಾಟಲಿ ಪೂರ್ತಿ. ಪಕ್ಕದ ಮನೆಯ ಆಮಾ, ಅಂದರೆ ಅಜ್ಜಿ, ಒಂದು ತೊಟ್ಟು ನೀರೂ ಬೆರೆಸುವುದಿಲ್ಲ. ನಾನು ಮದ್ಯದಷ್ಟೇ ನೀರು ಸೇರಿಸುತ್ತೇನೆ, ಮನೆಯಲ್ಲಿ ಮಕ್ಕಳಿಲ್ಲ ಎಂಬ ಧೈರ್ಯವಿದ್ದರೂ. ಈ ಬಾಟಲಿಗೂ ಒಂದು ಇತಿಹಾಸವಿದೆ: 2002ರಲ್ಲಿ ತೈವಾನ್ ವಿಶ್ವ ವ್ಯಾಪಾರ ಸಂಸ್ಥೆ ಸೇರಿದಾಗ ತೆರಿಗೆ ಏರಿ ಮೀಜ್ಯೂ ಬೆಲೆ ಗಗನಕ್ಕೇರಿತ್ತು, 2010ರಲ್ಲಿ ತೆರಿಗೆ ಇಳಿದ ಮೇಲೆಯೇ ಕೈಗೆಟುಕಿದ್ದು. ಮುಚ್ಚಳವಿಲ್ಲದೆ ಅರ್ಧ ಗಂಟೆ ಕುದಿಸಿದರೂ ಮದ್ಯ ಪೂರ್ತಿ ಆರುವುದಿಲ್ಲ. ಇದನ್ನು ಉಂಡು ಸ್ಕೂಟರ್ ಹತ್ತಬೇಡಿ, ಪೊಲೀಸರ ಊದುಯಂತ್ರಕ್ಕೆ ಸಾರೂ ಒಂದೇ, ಸಾರಾಯಿಯೂ ಒಂದೇ.

ಮೂಲಿಕೆಗಳಲ್ಲಿ ನನ್ನದು ಮಿತವ್ಯಯ. ಕೋಳಿ ಕುದಿಯುವಾಗ ಕೆಂಪು ಖರ್ಜೂರದಂಥ ಹೊಂಗ್‌ಚಾವ್ ಐದಾರು, ದಾಂಗ್‌ಗ್ವೇ ಬೇರಿನ ಒಂದೇ ಒಂದು ಚೂರು. ಎರಡಾದರೆ ಇಡೀ ಪಾತ್ರೆ ಔಷಧಿ ಅಂಗಡಿ. ಗರ್ಭಿಣಿಯರಿಗೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಈ ಬೇರು ಬೇಡವೇ ಬೇಡ. ಗೋಜಿ ಹಣ್ಣು ಇಳಿಸುವ ಐದು ನಿಮಿಷ ಮೊದಲು.

ಉಪ್ಪು ಹಾಕುವುದಿಲ್ಲ. ಜೊತೆಗೆ ಬಡಿಸುವ ಮ್ಯೆನ್‌ಶ್ಯೆನ್, ಅಂದರೆ ಎಳೆಯಂಥ ಗೋಧಿ ಶ್ಯಾವಿಗೆಯಲ್ಲೇ ಬೇಕಾದಷ್ಟು ಉಪ್ಪಿರುತ್ತದೆ. ಅದನ್ನು ಬೇರೆ ನೀರಿನಲ್ಲಿ ಬೇಯಿಸಿ ಬಸಿದು, ಬಟ್ಟಲಿಗೆ ಹಾಕಿ, ಮೇಲೆ ಕುದಿಕುದಿ ಸಾರು ಸುರಿಯುತ್ತೇನೆ.